ಡ್ವೇನ್ ಎಡ್ಡಿಯ ಟ್ವಾಂಗ್‌ಗೆ ಮನೆಯ ಸಂಪು

2024ರ ಏಪ್ರಿಲ್ 30ರಂದು ಡ್ವೇನ್ ಎಡ್ಡಿ ತೀರಿಕೊಂಡರು, 86ನೇ ವಯಸ್ಸಿನಲ್ಲಿ. ಹಾಡದೆ, ಗಿಟಾರೊಂದನ್ನೇ ಮುಂದಿಟ್ಟುಕೊಂಡು ರಾಕ್ ಅಂಡ್ ರೋಲ್‌ನಲ್ಲಿ ಹೆಸರು ಮಾಡಿದವರು. ಅವರ ನಾದಕ್ಕೆ ‘ಟ್ವಾಂಗ್’ ಎಂಬ ಹೆಸರೇ ಅಂಟಿಕೊಂಡಿತು. ಆ ನಾದದಲ್ಲಿ ಗಿಟಾರಿನ ಪಾಲೆಷ್ಟೋ ಒಂದು ಖಾಲಿ ಟ್ಯಾಂಕಿನ ಪಾಲೂ ಅಷ್ಟೇ. ಅರಿಜೋನಾದ ಫೀನಿಕ್ಸ್‌ನಲ್ಲಿ ಅವರು ಧ್ವನಿಮುದ್ರಿಸುತ್ತಿದ್ದ ಸ್ಟುಡಿಯೊಗೆ ಎಕೋ ಚೇಂಬರ್, ಅಂದರೆ ನಾದಕ್ಕೆ ಪ್ರತಿಧ್ವನಿ ಕೂಡಿಸುವ ಖಾಲಿ ಕೋಣೆ, ಇರಲಿಲ್ಲ. ನಿರ್ಮಾಪಕ ಲೀ ಹೇಜಲ್‌ವುಡ್ 2000 ಗ್ಯಾಲನ್‌ನ ನೀರಿನ ಟ್ಯಾಂಕ್ ತರಿಸಿ ಒಂದು ತುದಿಗೆ ಸ್ಪೀಕರ್, ಇನ್ನೊಂದಕ್ಕೆ ಮೈಕ್ ಇಡಿಸಿದರು.

2000 ಗ್ಯಾಲನ್ ಅಂದರೆ ಸುಮಾರು 7,500 ಲೀಟರ್. ಆರೂವರೆ ಅಡಿ ಉದ್ದ, ಅಗಲ, ಆಳದ ಸಂಪು ಹಿಡಿಸುವುದೂ ಹೆಚ್ಚುಕಡಿಮೆ ಅಷ್ಟೇ. ತೊಳೆಯಲೆಂದು ಖಾಲಿ ಮಾಡಿದಾಗ ನಾನು ಚೇಂಬರ್ ಮಾಡಿಕೊಂಡದ್ದು ಅಂಥದ್ದನ್ನೇ. ತಾರಸಿಯ ಪ್ಲಾಸ್ಟಿಕ್ ಟ್ಯಾಂಕು ಈ ಕೆಲಸಕ್ಕೆ ಬಾರದು: ಅದರ ಗೋಡೆ ತಾನೇ ಅದುರಿ ಮಂದ್ರವನ್ನು ನುಂಗಿಬಿಡುತ್ತದೆ, ಡಬ್ಬದೊಳಗೆ ಮಾತಾಡಿದಂತೆ ಕೇಳುತ್ತದೆ. ಸಿಮೆಂಟ್ ಸಾರಣೆಯ ನುಣುಪು ಗೋಡೆ ನಾದವನ್ನು ಹೀರದೆ ಹಿಂದಕ್ಕೆ ಕೊಡುತ್ತದೆ.

ಮೊದಲು ಗಿಟಾರ್. ಎಡ್ಡಿ ನುಡಿಸುತ್ತಿದ್ದದ್ದು ಬಿಗ್ಸ್‌ಬಿ (ಒತ್ತಿದರೆ ಸ್ವರ ಇಳಿಸುವ) ಕೈಹಿಡಿ ಇದ್ದ ಗ್ರೆಚ್ 6120 ಗಿಟಾರ್. ಅದೇ ಬೇಕೆಂದಿಲ್ಲ. ಆದರೆ ತಂತಿ 9ರ ತೆಳು ಸೆಟ್ ಆದರೆ ಆಗಲ್ಲ, ಕನಿಷ್ಠ 11–49 ಹಾಕಿ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಗಾತ್ರ, ಇಂಚಿನ ಸಾವಿರದ ಲೆಕ್ಕದಲ್ಲಿ). ಮಟ್ಟನ್ನು ಪೂರ್ತಿ ದಪ್ಪ ತಂತಿಗಳ ಮೇಲೇ, ಮಂದ್ರದ ಮೂರರಲ್ಲೇ ನುಡಿಸಬೇಕು. ಬ್ರಿಜ್ (ಗಿಟಾರಿನ ಮೈಮೇಲೆ ತಂತಿ ಕೂರುವ ಸೇತುವೆ) ಕಡೆಯ ಪಿಕಪ್, ವಾಲ್ಯೂಮ್ 7ರ ಆಸುಪಾಸು, ಆ್ಯಂಪಿನ ಧ್ವನಿ ಸ್ವಲ್ಪವೂ ಒಡೆಯಬಾರದು. ಪಿಕ್ಕನ್ನು ಬ್ರಿಜ್‌ನಿಂದ ಮೂರು ಬೆರಳಿನಷ್ಟು ದೂರದಲ್ಲಿ ಚಪ್ಪಟೆಯಾಗಿ ಹಿಡಿದು ಮೀಟಿ. ಓರೆ ಹಿಡಿದರೆ ಸುತ್ತು ತಂತಿಯ ಮೇಲೆ ಗರಗರ ಸದ್ದು ಬರುತ್ತದೆ, ಸಂಪು ಅದನ್ನು ಇಮ್ಮಡಿ ಮಾಡಿ ತೋರಿಸುತ್ತದೆ.

ಬಿಗ್ಸ್‌ಬಿಯನ್ನು ಮೀಟುವ ಮುಂಚೆಯೇ ಒಂದಿಷ್ಟು ಒತ್ತಿ, ಮೀಟಿದ ಮೇಲೆ ಬಿಡಬೇಕು. ಸ್ವರ ಕೆಳಗಿನಿಂದ ಜಾರಿಕೊಂಡು ಮೇಲೆ ಬರುತ್ತದೆ. ಎಡಗೈಯಿಂದ ತಂತಿ ಎಳೆದರೆ ಇದು ಸಿಗದು. ಅಲ್ಲಿ ಸ್ವರ ತನ್ನ ಜಾಗದಿಂದ ಮೇಲಕ್ಕೆ ಹೋಗುತ್ತದೆ, ಇಲ್ಲಿ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಪ್ರತಿ ಸಲ ಶ್ರುತಿ ತಪ್ಪುತ್ತಿದ್ದರೆ ಬಿಗ್ಸ್‌ಬಿಯನ್ನು ಬೈಯುವ ಮುಂಚೆ ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಹಾಯುವ ಪಟ್ಟಿಯ) ಗೀರುಗಳಿಗೆ ಮೆತ್ತನೆಯ ಪೆನ್ಸಿಲ್ ಉಜ್ಜಿ ನೋಡಿ. ದಪ್ಪ ತಂತಿ ಅಲ್ಲೇ ಸಿಕ್ಕಿಕೊಳ್ಳುವುದು.

ಗಿಟಾರನ್ನು ಎಕೋ ಇಲ್ಲದೆ ಒಣದಾಗಿ ರೆಕಾರ್ಡ್ ಮಾಡಿ, ಅದನ್ನು ಆಮೇಲೆ ಸಂಪಿಗೆ ಕಳಿಸುವುದು. ಬ್ಯಾಟರಿ ಸ್ಪೀಕರ್ ಮಾತ್ರ; ಕರೆಂಟಿನ ವೈರನ್ನು ಸಂಪಿನೊಳಗೆ ಇಳಿಸಲೇಬೇಡಿ. ನೀವೂ ಇಳಿಯಬೇಡಿ, ಮುಚ್ಚಿಟ್ಟ ಸಂಪಿನ ಗಾಳಿಯನ್ನು ನಂಬುವಂತಿಲ್ಲ. ಸ್ಪೀಕರನ್ನು ಎರಡು ಹಗ್ಗದಲ್ಲಿ ಇಳಿಬಿಟ್ಟು (ಒಂದೇ ಆದರೆ ಬುಗುರಿಯಂತೆ ತಿರುಗುತ್ತದೆ) ಮುಖವನ್ನು ದೂರದ ಮೂಲೆಗೆ ಮಾಡಿ. ಮೈಕ್ ಸಂಪಿನ ಬಾಯಿಯಿಂದ ಒಂದಡಿ ಕೆಳಗೆ, ಸ್ಪೀಕರಿಗೆ ಬೆನ್ನು ಹಾಕಿ ತೂಗಲಿ. ಡೈನಮಿಕ್ ಮೈಕೇ ಇರಲಿ, ಕಂಡೆನ್ಸರ್ ಮೈಕ್ ಆ ತೇವಕ್ಕೆ ಚಟಪಟ ಅನ್ನತೊಡಗುತ್ತದೆ. ಬ್ಲೂಟೂತ್ ಬೇಡ, ಕಾಂಕ್ರೀಟಿನ ಕೆಳಗೆ ತುಂಡಾಗುತ್ತದೆ. ಉದ್ದದ ಆಕ್ಸ್ ಕೇಬಲ್ ಸಾಕು. ಕಬ್ಬಿಣದ ಮುಚ್ಚಳ ಹಾಕುವ ಮುಂಚೆ ನಾಲ್ಕೂ ಮೂಲೆಗೆ ಹಳೇ ಸೈಕಲ್ ಟ್ಯೂಬಿನ ತುಂಡು ಇಡಿ, ಇಲ್ಲದಿದ್ದರೆ ಅದೂ ತಾಳ ಹಾಕುತ್ತದೆ.

ನನಗೆ ಹೆಚ್ಚು ತಲೆನೋವು ಕೊಟ್ಟದ್ದು ಎಫ್ ಸ್ವರ. ಇ ಶ್ರುತಿಯಲ್ಲಿ ಎಲ್ಲ ಚೆನ್ನಾಗಿತ್ತು, ಎಫ್‌ಗೆ ಏರಿದ ಕೂಡಲೇ ಒಂದೊಂದು ಪೆಟ್ಟಿಗೂ ಗುಮ್ಮೆನ್ನುವ ಸದ್ದು. ಕಾರಣ ಲೆಕ್ಕದಲ್ಲೇ ಇದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಎದುರುಬದುರು ಗೋಡೆಗಳ ಅಂತರ 1.98 ಮೀಟರ್. ವೇಗವನ್ನು ಅಂತರದ ಎರಡರಷ್ಟರಿಂದ ಭಾಗಿಸಿದರೆ 87 ಹರ್ಟ್ಸ್. ಅತಿ ದಪ್ಪದ ಆರನೇ ತಂತಿಯ ಮೊದಲ ಫ್ರೆಟ್ಟಿನ ಎಫ್ ಕೂಡ 87. ಉದ್ದ, ಅಗಲ, ಆಳ ಮೂರೂ ಒಂದೇ ಆದ್ದರಿಂದ ಮೂರು ಕಡೆಯಿಂದಲೂ ಅದೇ ಸ್ವರ ಉಬ್ಬುತ್ತದೆ. ತಳದಲ್ಲಿ ಒಂದಡಿ ನೀರು ಬಿಟ್ಟೆ. ನೀರಿನ ಮೇಲ್ಮೈ ಗೋಡೆಯಷ್ಟೇ ಚೆನ್ನಾಗಿ ನಾದವನ್ನು ಹಿಂತಿರುಗಿಸುತ್ತದೆ, ಎತ್ತರ ಐದೂವರೆ ಅಡಿಗೆ ಇಳಿದು ಒಂದು ದಿಕ್ಕಿನ ಉಬ್ಬು 103ರ ಹತ್ತಿರಕ್ಕೆ ಸರಿಯಿತು. ಉಳಿದದ್ದಕ್ಕೆ, ಸಂಪಿಗೆ ಕಳಿಸುವ ಧ್ವನಿಯಲ್ಲಿ 150 ಹರ್ಟ್ಸ್‌ನಿಂದ ಕೆಳಗಿನದನ್ನು ಕತ್ತರಿಸಿದೆ. ಮಂದ್ರ ಹೇಗೂ ಒಣ ಟ್ರ್ಯಾಕಿನಲ್ಲಿ ಇದ್ದೇ ಇದೆ.

ಬೆರೆಸುವಾಗ ಸಂಪಿನ ಟ್ರ್ಯಾಕನ್ನು ಒಣದಕ್ಕಿಂತ 8ರಿಂದ 10 ಡೆಸಿಬೆಲ್ ಕೆಳಗಿಡಿ. ಅದಕ್ಕಿಂತ ಹೆಚ್ಚಾದರೆ ಒಂದು ಸ್ವರದ ಬಾಲ ಮುಂದಿನದರ ತಲೆ ತುಳಿಯುತ್ತದೆ. ಎಡ್ಡಿ ಅಷ್ಟು ಬಿಡಿ ಬಿಡಿಯಾಗಿ, ಸಾವಧಾನವಾಗಿ ನುಡಿಸುತ್ತಿದ್ದದ್ದು ಆ ಬಾಲಕ್ಕೂ ಜಾಗ ಕೊಟ್ಟಂತೆ ಇದೆ. ವೇಗದ ಓಟವನ್ನು ಸಂಪಿಗೆ ಹಾಕಿ ನೋಡಿ, ಗೊತ್ತಾಗುತ್ತದೆ.

ಫೀನಿಕ್ಸ್‌ನಲ್ಲಿ ಟ್ಯಾಂಕಿನ ಮೇಲೆ ಕೂತ ಹಕ್ಕಿಗಳನ್ನು ಓಡಿಸಿ ರೆಕಾರ್ಡ್ ಮಾಡಬೇಕಾಗುತ್ತಿತ್ತಂತೆ. ಸಂಪಿಗೆ ಆ ಕಾಟವಿಲ್ಲ, ಪಕ್ಕದ ಮನೆಯ ಮೋಟಾರಿನ ಗುಯ್ ಸದ್ದು ಮಾತ್ರ ನೆಲದೊಳಗಿಂದಲೇ ಬರುತ್ತದೆ. ರಾತ್ರಿ ಹನ್ನೊಂದರ ಮೇಲೆ ಶುರು ಮಾಡಿ, ನೀರು ಬಿಡುವ ಹೊತ್ತಿಗೆ ಮುಗಿಸಿ. ಒಳಬರುವ ಪೈಪಿನ ವಾಲ್ವ್ ಮೊದಲೇ ತಿರುಗಿಸಿಟ್ಟಿರಿ.