ಗಾಯಗಳ ಸೀಸನ್ ಮುಗಿದ ಮೇಲೆ ಫುಟ್‌ಬಾಲ್ ತಂಡವನ್ನು ಮತ್ತೆ ಕಟ್ಟುವುದು ಹೇಗೆ

ಹೊಸ ಆಟಗಾರರನ್ನು ಹುಡುಕುವ ಮೊದಲು ಹಳೆಯ ಗಾಯಗಳ ಪಟ್ಟಿ ಮಾಡಿ: ಯಾರಿಗೆ, ಯಾವ ಸ್ನಾಯು, ಪಂದ್ಯದ ಎಷ್ಟನೇ ನಿಮಿಷ, ಎಷ್ಟು ದಿನ ಹೊರಗೆ. ಒಂದೇ ಜಾಗಕ್ಕೆ ಎರಡು ಸಲ ಪೆಟ್ಟಾದವರ ಹೆಸರು ಮೇಲೆ ಬರಲಿ. ಅವರಿಗೇ ಅಪಾಯ ಹೆಚ್ಚು.

ಫುಟ್‌ಬಾಲ್‌ನಲ್ಲಿ ಪದೇ ಪದೇ ಕೈಕೊಡುವುದು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್. ಅದಕ್ಕೆ ನಾರ್ಡಿಕ್ ವ್ಯಾಯಾಮವನ್ನು ಖಂಡಿತ ಬಿಡಬೇಡಿ. ಮಂಡಿಯೂರಿದ ಆಟಗಾರನ ಪಾದಗಳನ್ನು ಜೊತೆಗಾರ ಹಿಮ್ಮಡಿಯ ಬಳಿ ಒತ್ತಿ ಹಿಡಿಯಲಿ. ಮಂಡಿಯಿಂದ ಭುಜದವರೆಗೆ ಮೈ ನೆಟ್ಟಗಿಟ್ಟು ಆದಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ, ತಡೆಯಲಾಗದಾಗ ಅಂಗೈ ಊರಬೇಕು. ಮೊದಲ ವಾರ ಒಂದೇ ದಿನ, 5ರಂತೆ 2 ಸೆಟ್. ಎರಡನೇ ವಾರ 2 ದಿನ, 6ರಂತೆ 2 ಸೆಟ್. ಮೂರನೇ ವಾರದಿಂದ 3 ದಿನ, 3 ಸೆಟ್. ಪಂದ್ಯಗಳು ಶುರುವಾದ ಮೇಲೆ ವಾರಕ್ಕೊಮ್ಮೆ ಸಾಕು. ಸೊಂಟ ಹಿಂದಕ್ಕೆ ಮಡಚಿದರೆ ಸ್ನಾಯುವಿನ ಮೇಲಿನ ಭಾರ ತಪ್ಪಿ ಬರೀ ಎಣಿಕೆ ಉಳಿಯುತ್ತದೆ. ಮೊದಲ ದಿನವೇ 30 ಮಾಡಿಸಿದರೆ ಮರುದಿನ ನಡೆಯಲೂ ಕಷ್ಟ, ಆಮೇಲೆ ಯಾರೂ ಈ ವ್ಯಾಯಾಮದ ಹತ್ತಿರ ಸುಳಿಯುವುದಿಲ್ಲ.

ಎಸಿಎಲ್ (ಮಂಡಿಯೊಳಗಿನ ಅಸ್ಥಿರಜ್ಜು) ಶಸ್ತ್ರಚಿಕಿತ್ಸೆಯಾದವರನ್ನು 9 ತಿಂಗಳಿಗೆ ಮೊದಲು ಪಂದ್ಯಕ್ಕೆ ಇಳಿಸಬೇಡಿ. ಒಂಟಿ ಕಾಲಿನ ಜಿಗಿತದಲ್ಲಿ ಗಾಯದ ಕಾಲು ಇನ್ನೊಂದರ ಶೇ. 90ರಷ್ಟಾದರೂ ಮುಟ್ಟಬೇಕು. ಅವರ ಸ್ಥಾನಕ್ಕೆ ಬದಲಿ ಆಟಗಾರನನ್ನು ಈಗಲೇ ತಯಾರು ಮಾಡಿ.

ಗಾಯ ತಡೆಯಲೆಂದೇ ರೂಪಿಸಿದ ಫಿಫಾ 11+ ವಾರ್ಮ್‌ಅಪ್‌ಗೆ 20 ನಿಮಿಷ ಬೇಕು, ವಾರಕ್ಕೆ ಕನಿಷ್ಠ 2 ಸಲ.