ಸಂಜೆಮಲ್ಲಿಗೆ ಬೆಳೆಸಿ ಅನುವಂಶೀಯತೆ ಕಲಿಸಿದ್ದು: ನನ್ನ ಅನುಭವ

ಹತ್ತನೇ ತರಗತಿಯ ಅನುವಂಶೀಯತೆ ಪಾಠದಲ್ಲಿ ಮಕ್ಕಳ ಕಿವಿಹಾಲೆಯನ್ನು ಅಪ್ಪ-ಅಮ್ಮನದರ ಜೊತೆ ಹೋಲಿಸಿ ನೋಡುವ ಚಟುವಟಿಕೆ ಇದೆ. ನಾನು ಅದನ್ನು ಮಾಡಿಸುವುದಿಲ್ಲ. ಕಿವಿಹಾಲೆಯ ಆಕಾರ ಒಂದೇ ಜೀನ್‌ನಿಂದ (ಗುಣವನ್ನು ಮುಂದಿನ ಪೀಳಿಗೆಗೆ ಒಯ್ಯುವ ಘಟಕ) ಬರುವುದಲ್ಲ, ಅದರ ಹಿಂದೆ ಹಲವು ಜೀನ್‌ಗಳಿವೆ. 'ನನ್ನದು ಅಪ್ಪ-ಅಮ್ಮನ ಹಾಗಿಲ್ಲ' ಅಂತ ಯಾವ ಮಗುವೂ ಮನೆಗೆ ಹೋಗಿ ಕೊರಗಬಾರದು. ಅಪ್ಪ-ಅಮ್ಮ ಜೊತೆಗಿಲ್ಲದ ಮಕ್ಕಳೂ ತರಗತಿಯಲ್ಲಿರುತ್ತಾರೆ, ಅಲ್ವಾ?

ಅದಕ್ಕೇ ಸಂಜೆಮಲ್ಲಿಗೆ ಹಿಡಿದೆ. ಉತ್ತರ ಕರ್ನಾಟಕದವರು ಗುಲ್‌ಬಾಕ್ಷಿ ಅನ್ನುತ್ತಾರೆ. ಹಿತ್ತಲಲ್ಲಿ ತಾನಾಗಿ ಬೆಳೆಯುವ ಗಿಡ. ಹೆತ್ತವರ ಗುಣ ಮಕ್ಕಳಿಗೆ ಹೇಗೆ ಬರುತ್ತದೆ ಎಂದು ಹೇಳುವ ಮೆಂಡೆಲ್ ನಿಯಮಗಳನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬರಾದ ಜರ್ಮನಿಯ ಕಾರ್ಲ್ ಕೊರೆನ್ಸ್ ಕೂಡ ಇದೇ ಗಿಡದ ಮೇಲೆ ಕೆಲಸ ಮಾಡಿದ್ದರು.

ಮೊದಲು ತಳಿ ಶುದ್ಧ ಮಾಡಿಕೊಳ್ಳಬೇಕು. ಕೆಂಪು ಹೂವಿನ ಗಿಡದ ಮೊಗ್ಗುಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿದರೆ ಹೂವು ಮುದುಡುವಾಗ ತನ್ನ ಪರಾಗವನ್ನೇ ತಾನು ತಗುಲಿಸಿಕೊಳ್ಳುತ್ತದೆ. ಆ ಬೀಜದಿಂದ ಕೆಂಪು ಮಾತ್ರ ಬಂದರೆ ಇಟ್ಟುಕೊಳ್ಳಿ. ಬಿಳಿಗೂ ಹಾಗೆಯೇ. ಹಳದಿ ಮತ್ತು ಪಟ್ಟೆ ಹೂವಿನ ಗಿಡ ಬೇಡ, ಅವುಗಳ ಲೆಕ್ಕ ಬಹಳ ತೊಡಕು.

ಹೂವು ಅರಳುವುದು ಸಂಜೆ ನಾಲ್ಕೈದಕ್ಕೆ. ಹಾಗಾಗಿ ಮಧ್ಯಾಹ್ನ ಊಟದ ಬಿಡುವಿನಲ್ಲೇ ಕೆಂಪು ಗಿಡದ ಮೊಗ್ಗನ್ನು ಸೂಜಿಯಿಂದ ಸೀಳಿ, ಪರಾಗ ಕೊಡುವ ಕೇಸರಗಳನ್ನು ಕಿತ್ತು ಚೀಲ ಕಟ್ಟುತ್ತೇವೆ. ಸಂಜೆ ಬಿಳಿ ಹೂವಿನ ಪರಾಗವನ್ನು ಅದರ ಶಲಾಕಾಗ್ರಕ್ಕೆ (ಹೂವಿನ ಹೆಣ್ಣು ಭಾಗದ ತುದಿ) ಸವರಿ, ಮತ್ತೆ ಚೀಲ ಕಟ್ಟಿ, ಬಣ್ಣದ ದಾರ ಸುತ್ತುತ್ತೇವೆ. ಒಂದು ಹೂವಿಗೆ ಸಿಗುವುದು ಒಂದೇ ಬೀಜ. ಹಾಗಾಗಿ ಜಾಸ್ತಿ ಹೂವು ಮಾಡಬೇಕು, ಪ್ರತಿ ಮಗುವಿಗೂ ತನ್ನದೇ ಒಂದು ಇರಲಿ. ಒಂಬತ್ತನೇ ತರಗತಿಯ ಕೊನೆಗೆ ಈ ಕೆಲಸ ಮುಗಿಸಿದರೆ ಜೂನ್‌ನಲ್ಲಿ ಬಿತ್ತಬಹುದು. ಮಳೆ ಬಿಡುವಷ್ಟರಲ್ಲಿ ಹೂವು.

ಬಂದ ಹೂವೆಲ್ಲ ಗುಲಾಬಿ ಬಣ್ಣ! ಮಕ್ಕಳು ತಕ್ಷಣ 'ಬಣ್ಣ ಬೆರೆತುಹೋಯಿತು' ಅನ್ನುತ್ತಾರೆ. ಹಾಲಿಗೆ ಬೆರೆಸಿದ ಡಿಕಾಕ್ಷನ್ ಮತ್ತೆ ಬೇರೆಯಾಗುವುದಿಲ್ಲವಲ್ಲ, ಇಲ್ಲೂ ಹಾಗೆಯೇ ಎಂಬುದು ಅವರ ಲೆಕ್ಕ. ನಾನು ಏನೂ ಹೇಳುವುದಿಲ್ಲ. ಗುಲಾಬಿಗೆ ಅದರದೇ ಪರಾಗ ತಗುಲಿಸಿ, ಬೀಜ ಬಿತ್ತಿ ಕಾಯುತ್ತೇವೆ.

ಆ ಮೊಮ್ಮಕ್ಕಳಲ್ಲಿ ಅಚ್ಚ ಕೆಂಪು ಬರುತ್ತದೆ. ಅಚ್ಚ ಬಿಳಿಯೂ ಬರುತ್ತದೆ. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಕೆಂಪು, ಎರಡು ಗುಲಾಬಿ, ಒಂದು ಬಿಳಿ. ಗಿಡ ಕಡಿಮೆ ಇದ್ದರೆ ಲೆಕ್ಕ ಆಚೀಚೆ ಆಗುತ್ತದೆ. ಎರಡೂ ವಿಭಾಗದ ಗಿಡಗಳನ್ನು ಒಟ್ಟು ಸೇರಿಸಿ ಎಣಿಸಿದರೆ ಸರಿಹೋಗುತ್ತದೆ.

ಆಗ ವಿಷಯಕ್ಕೆ ಬರುತ್ತೇನೆ. ಪ್ರತಿ ಗಿಡದಲ್ಲೂ ಬಣ್ಣದ ಜೀನ್‌ಗೆ ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಪ್ರತಿಯಷ್ಟೇ ಕೆಂಪಿನದಾದರೆ ಬಣ್ಣ ಅರೆಬರೆ ತಯಾರಾಗಿ ಗುಲಾಬಿ ಕಾಣುತ್ತದೆ. ಪ್ರತಿಗಳು ಮಾತ್ರ ಬೆರೆಯುವುದಿಲ್ಲ. ಪರಾಗ, ಅಂಡ ತಯಾರಾಗುವಾಗ ಎರಡೂ ಬೇರೆಯಾಗಿ ಒಂದೊಂದೇ ಮುಂದಕ್ಕೆ ಹೋಗುತ್ತವೆ. ಮಗು ಅಪ್ಪ-ಅಮ್ಮನನ್ನು ಹೋಲುವುದೂ ಇದರಿಂದಲೇ, ಅವರಿಬ್ಬರಲ್ಲೂ ಕಾಣದ ಅಜ್ಜಿಯ ಗುಣ ಮೊಮ್ಮಗಳಲ್ಲಿ ಕಾಣುವುದೂ ಇದರಿಂದಲೇ.

'ಹಾಗಾದ್ರೆ ಎತ್ತರ, ಮೈಬಣ್ಣ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲಿ ನೂರಾರು ಜೀನ್‌ಗಳು ಸೇರಿ ಕೆಲಸ ಮಾಡುತ್ತವೆ. ಎತ್ತರಕ್ಕೆ ಊಟ, ಮೈಬಣ್ಣಕ್ಕೆ ಬಿಸಿಲೂ ಸೇರುತ್ತವೆ. ಒಂದೇ ಮನೆಯ ಮಕ್ಕಳು ಬೇರೆಬೇರೆ ಬಣ್ಣ ಇರುವುದು ಪೂರ್ತಿ ಸಹಜ ಎಂದು ಒತ್ತಿ ಹೇಳುತ್ತೇನೆ. 'ಇವಳು ಯಾರ ಥರಾನೋ' ಎಂಬ ಮಾತು ಕೇಳಿ ನೊಂದ ಮಕ್ಕಳಿಗೆ ಇದು ಗೊತ್ತಿರಲೇಬೇಕು.

ಇದೇ ಗಿಡದಲ್ಲಿ ಇನ್ನೊಂದು ಸಂಗತಿಯೂ ಇದೆ. ಹಸಿರು-ಬಿಳಿ ಮಚ್ಚೆ ಎಲೆಯ ಸಂಜೆಮಲ್ಲಿಗೆಯಲ್ಲಿ ಎಲೆಯ ಬಣ್ಣ ತಾಯಿಯಿಂದ ಮಾತ್ರ ಬರುತ್ತದೆ ಎಂದು ಕೊರೆನ್ಸ್ 1909ರಲ್ಲಿ ತೋರಿಸಿದರು. ಪರಾಗ ಯಾವ ಗಿಡದ್ದಾದರೂ ವ್ಯತ್ಯಾಸವಿಲ್ಲ. ಹಸಿರು ಕೊಡುವ ಕ್ಲೋರೋಪ್ಲಾಸ್ಟ್‌ಗಳು ಇಲ್ಲಿ ಅಂಡದ ಮೂಲಕವೇ ಹೋಗುತ್ತವೆ.

ಈ ಸಲದ ಮಕ್ಕಳು ಗುಲಾಬಿಗೆ ಬಿಳಿಯ ಪರಾಗ ಸವರಿದ್ದಾರೆ. ಏನು ಬರಬಹುದು ಅಂತ ಮೊದಲೇ ಬರೆದಿಡಲು ಹೇಳಿದ್ದೆ. ಹೆಚ್ಚಿನವರು ಅರ್ಧ ಗುಲಾಬಿ, ಅರ್ಧ ಬಿಳಿ ಎಂದು ಬರೆದಿದ್ದಾರೆ. ಕೆಂಪು ಯಾಕೆ ಬರುವುದಿಲ್ಲ ಎನ್ನುವುದಕ್ಕೂ ಕಾರಣ ಕೊಟ್ಟಿದ್ದಾರೆ.