ಮ್ಯೂನಿಕ್‌ನಲ್ಲಿ ಮೊದಲು ಶಾಲೆ ಹುಡುಕಿದೆ, ಆಮೇಲೆ ಮನೆ

2023ರ ಮೇ ಮೊದಲ ವಾರ ಮಗಳು ಶಾಲೆಯಿಂದ ತಂದ ಅಂಕದ ಹಾಳೆಯಲ್ಲಿ ಸರಾಸರಿ 2.00 ಅಂತಿತ್ತು. ಇಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯ ಅಂಕ. ಗಣಿತ 1, ಪರಿಸರ ಪಾಠ 2, ಜರ್ಮನ್ 3. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಗಿಮ್ನಾಸಿಯಂ, ಅಂದರೆ ಯೂನಿವರ್ಸಿಟಿಗೆ ದಾರಿಯಾಗುವ ಪ್ರೌಢಶಾಲೆಗೆ, ನೇರವಾಗಿ ಸೇರಲು ಈ ಸರಾಸರಿ 2.33 ದಾಟಬಾರದು. ನಾಲ್ಕು ವರ್ಷದ ಹಿಂದೆ ಅವಳಿಗೆ ಜರ್ಮನ್ ಒಂದಕ್ಷರವೂ ಬರುತ್ತಿರಲಿಲ್ಲ. "ಸರ್ಕಾರಿ ಶಾಲೆಗೆ ಹಾಕಿ ಮಗೂನ ಹಾಳು ಮಾಡ್ತಿದ್ದೀಯ" ಅಂದವರಿಗೆಲ್ಲ ಅವತ್ತೇ ಆ ಹಾಳೆಯ ಫೋಟೊ ಕಳಿಸಿದೆ.

ಶುರುವಿನಲ್ಲಿ ನಾನೂ ಎಡವಿದ್ದೆ. ಬೆಂಗಳೂರಲ್ಲಿ ಕೂತೇ ಒಂದು ಖಾಸಗಿ ದ್ವಿಭಾಷಾ ಶಾಲೆಗೆ ಸುಮಾರು 2,000 ಯೂರೋ ಕಟ್ಟಿದೆ. ತಿಂಗಳ ಫೀಸು ಬೇರೆ, ಸಾವಿರದ ಮೇಲೆ. 2019ರ ಮೇನಲ್ಲಿ ಒಬ್ಬನೇ ಬಂದವನು ಹೋಗಿ ನೋಡಿದರೆ, ಆಟದ ಹೊತ್ತಿನಲ್ಲಿ ಒಂದು ಮಗುವೂ ಜರ್ಮನ್ ಆಡಲಿಲ್ಲ. ಬಿಟ್ಟುಬಿಟ್ಟೆ. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಅದು ಈಗಲೂ ಹೊಟ್ಟೆ ಉರಿಸುತ್ತದೆ.

ಇಲ್ಲಿ ಮನೆಯ ವಿಳಾಸ ಯಾವ ಶಾಲೆಯ ಶ್ಪ್ರೆಂಗೆಲ್‌ಗೆ (ಆ ಶಾಲೆಗೆ ಸೇರಿದ ಬೀದಿಗಳ ಗಡಿಗೆ) ಬೀಳುತ್ತದೋ ಆ ಗ್ರುಂಡ್‌ಶೂಲೆಗೇ, ಅಂದರೆ ಸರ್ಕಾರಿ ಪ್ರಾಥಮಿಕ ಶಾಲೆಗೇ, ಮಗು ಹೋಗಬೇಕು. ಹಾಗಾಗಿ ಮೂರು ತಿಂಗಳು ಸಾಮಾನು ಸಮೇತ ಸಿಗುವ ಚಿಕ್ಕ ಫ್ಲ್ಯಾಟ್ ಹಿಡಿದೆ. ಬಾಡಿಗೆ ಹತ್ತಿರ ಹತ್ತಿರ 1,900 ಯೂರೋ. ಸಹೋದ್ಯೋಗಿಗಳು ಸುಮ್ನೆ ದುಡ್ಡು ಸುಡುತ್ತಿದ್ದೀಯ ಅಂದರು. ನಾನು ಜೂನ್, ಜುಲೈನಲ್ಲಿ ಐದು ಶಾಲೆಗಳ ಹತ್ತಿರದ ಬೇಕರಿಗಳಲ್ಲಿ ಕಾಫಿ ಕುಡಿದೆ. 11:20ಕ್ಕೆ ಗಂಟೆ ಹೊಡೆದ ಮೇಲೆ ಎಷ್ಟು ಮಕ್ಕಳು ಮನೆಗೆ ಹೊರಡುತ್ತಾರೆ, ಎಷ್ಟು ಮಂದಿ ಒಳಗೇ ಉಳಿಯುತ್ತಾರೆ, ಬನ್ನು ತಗೊಳ್ಳಲು ಬಂದ ಅಮ್ಮಂದಿರು ಏನು ಮಾತಾಡಿಕೊಳ್ಳುತ್ತಾರೆ, ಇಷ್ಟೇ ನೋಡಿದ್ದು. ಒಳಗೆ ಜಾಸ್ತಿ ಮಕ್ಕಳು ಉಳಿಯುವ ಶಾಲೆ ಎಂದರೆ ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಗಳು, ಮಧ್ಯಾಹ್ನವೂ ಜರ್ಮನ್‌ನಲ್ಲೇ ಆಟ. ಅಂಥ ಶಾಲೆ ಒಂದು ಸಿಕ್ಕಿತು. ಅದರ ಬೀದಿಗಳಲ್ಲಷ್ಟೇ ಮನೆ ಹುಡುಕಿದೆ.

ಆಗಸ್ಟ್ ಕೊನೆಗೆ ಹೆಂಡತಿ, ಮಗಳು ಬಂದರು. ಮಗಳು ಬೆಂಗಳೂರಲ್ಲಿ ಒಂದನೇ ಕ್ಲಾಸು ಮುಗಿಸಿದ್ದಳು. ನವೆಂಬರ್ 2012ರಲ್ಲಿ ಹುಟ್ಟಿದವಳು, ಇಲ್ಲಿನ ಲೆಕ್ಕದಲ್ಲಿ ಮತ್ತೆ ಒಂದನೇ ಕ್ಲಾಸೇ. "ಫೇಲ್ ಆದ ಹಾಗಾಯ್ತಲ್ಲೋ" ಅಂತ ನಮ್ಮಮ್ಮ ಫೋನಲ್ಲಿ ಅತ್ತರು. ಆದರೆ ನಮ್ಮನ್ನು ಕಾಪಾಡಿದ್ದೇ ಆ ವರ್ಷ. ಲೆಕ್ಕ ಎಲ್ಲ ಮೊದಲೇ ಗೊತ್ತಿದ್ದರಿಂದ ಅವಳ ತಲೆ ಪೂರ್ತಿ ಭಾಷೆಗೆ ಬಿಡುವಾಯಿತು. ಗಣಿತದಲ್ಲಿ ಮೊದಲು ಕೈ ಎತ್ತುವವಳು ಅನ್ನೋ ಹೆಸರೂ ಬಂತು.

ಮಿಟ್ಟಾಗ್ಸ್‌ಬೆಟ್ರೊಯುಂಗ್, ಅಂದರೆ ಪಾಠ ಮುಗಿದ ಮೇಲೆ ಮಧ್ಯಾಹ್ನ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ಅದರಲ್ಲಿ ಸೀಟು ಮಾತ್ರ ಇರಲಿಲ್ಲ. ಕಾಯುವ ಪಟ್ಟಿಯಲ್ಲಿ ಹದಿನಾಲ್ಕೋ ಹದಿನೈದೋ ಆಗಿದ್ದೆವು. ಗಂಟೆಗೆ 12 ಯೂರೋ ಕೊಟ್ಟು ಕಾಲೇಜು ಹುಡುಗಿಯೊಬ್ಬಳನ್ನು ಮನೆಗೆ ಕರೆಸಿದೆವು. ಡಿಸೆಂಬರ್‌ನಲ್ಲಿ ಒಂದು ಪತ್ರ ಬರೆದೆ, ಜನವರಿಗೆ ಸೀಟು ಸಿಕ್ಕಿತು. ಪತ್ರದಲ್ಲಿ ಏನಿತ್ತು ಅನ್ನೋದು ನನ್ನ ಹತ್ತಿರವೇ ಇರಲಿ, ತಮ್ಮನ ಮಗನಿಗೆ ಇನ್ನೂ ಬೇಕಾಗುತ್ತದೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಜರ್ಮನ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆಸಿದೆ. ಹೌಸ್, ಬ್ರೋಟ್, ಮುಟ್ಟರ್, ಒಂದು ವಾರ ಸಲೀಸಾಗಿ ಹೋಯಿತು. ಐದು ಅನ್ನೋದಕ್ಕೆ ಜರ್ಮನ್ ಪದ (fünf) ಬಂದಾಗ ನಿಂತಿತು. ಫುನ್ಫ್ ಅಂತ ಬರೆದರೂ ತಪ್ಪು, ಫಿನ್ಫ್ ಅಂತ ಬರೆದರೂ ತಪ್ಪು. ಆ ಸ್ವರಕ್ಕೆ ನಮ್ಮಲ್ಲಿ ಅಕ್ಷರವೇ ಇಲ್ಲ. "ಅಪ್ಪಾ, ಬಾಯಿ ಊ ಅನ್ನಬೇಕು, ನಾಲಿಗೆ ಈ ಅನ್ನಬೇಕು" ಅಂತ ಅವಳೇ ತುಟಿ ಮುಂದೆ ಮಾಡಿ ತೋರಿಸಿದಳು. ಆ ಪುಸ್ತಕ ಅಲ್ಲಿಗೇ ಮುಚ್ಚಿದೆ.

2020ರ ಮಾರ್ಚ್‌ನಲ್ಲಿ ಕೊರೋನಾಗೆ ಶಾಲೆ ಮುಚ್ಚಿತು. ಏಪ್ರಿಲ್ ಹೊತ್ತಿಗೆ ಕಲಿತದ್ದು ಜಾರತೊಡಗಿತು. ಕೆಳಗಿನ ಮನೆಯ ಅಜ್ಜಿಯನ್ನು ಕೇಳಿಕೊಂಡೆವು. ದಿನಾ ಸಂಜೆ ಮಗಳು ನಮ್ಮ ಬಾಲ್ಕನಿಯಿಂದ ಒಂದು ಪುಟ ಗಟ್ಟಿಯಾಗಿ ಓದುತ್ತಿದ್ದಳು, ಅಜ್ಜಿ ಕೆಳಗಿನಿಂದ ತಿದ್ದುತ್ತಿದ್ದರು. ಮನೆಯಲ್ಲಿ ನಾವು ಜರ್ಮನ್ ಆಡಲೇ ಇಲ್ಲ, ಬರೀ ಕನ್ನಡ. ನಮ್ಮ ತಪ್ಪು ಉಚ್ಚಾರ ಅವಳಿಗೆ ಅಂಟಬಾರದಲ್ವಾ. ವಾರಕ್ಕೊಮ್ಮೆ ಅಜ್ಜಿಯ ಬಾಗಿಲಲ್ಲಿ ಚಕ್ಕುಲಿ ಡಬ್ಬಿ ಇಟ್ಟು ಬರುತ್ತಿದ್ದೆವು. ತೊಳೆದ ಡಬ್ಬಿಯಲ್ಲಿ ಮುಂದಿನ ಪುಸ್ತಕ ವಾಪಸ್ ಬರುತ್ತಿತ್ತು.